ಭಾಗವತರೇ, ರಾಧೆಗೂ ಒಂದು ಪದ್ಯ

ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಡೆ ತಾಳಮದ್ದಳೆಯ ಸೀಸನ್ ಶುರು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಪದ್ಯ, ಚೆಂಡೆ ಮದ್ದಳೆ, ಎದುರುಬದುರು ಕೂತ ಅರ್ಥಧಾರಿಗಳ ಮಾತು, ಅಷ್ಟೆ. ಕಳೆದ ಮಳೆಗಾಲದಲ್ಲಿ ಎರಡು ದಿನ ರಜೆ ಹಾಕಿ ಬಜಗೋಳಿಗೆ ಹೋಗಿದ್ದಾಗ ‘ಕರ್ಣಭೇದನ’ ಇತ್ತು. ಹೆಂಡತಿ ಅಮ್ಮನ ಜೊತೆ ಮನೆಯಲ್ಲೇ ಉಳಿದಳು. ನಾನು ಐದು ವರ್ಷದ ಮಗಳನ್ನು ಕರೆದುಕೊಂಡು ಹೋದೆ.

ಕೃಷ್ಣ ಗುಟ್ಟು ಬಿಚ್ಚುವ ಜಾಗ ಬಂತು. ನೀನು ಸೂತನ ಮಗ ಅಲ್ಲ, ಕುಂತಿಯ ಮಗ. ಕರ್ಣನ ಅರ್ಥ ಹೇಳುತ್ತಿದ್ದವರ ಸ್ವರ ಒಡೆಯಿತು. ಹೊರಗಿನ ಮಳೆ ಬಿಟ್ಟರೆ ಸಭೆಯಲ್ಲಿ ಒಂದು ಸದ್ದಿಲ್ಲ. ಪಕ್ಕದಲ್ಲಿದ್ದ ನನ್ನ ಸೋದರಮಾವ ಕಣ್ಣೊರೆಸಿಕೊಂಡರು. ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದ ಮಗಳನ್ನು ಒಮ್ಮೆ ನೋಡಿ, “ಎಷ್ಟಾದ್ರೂ ರಕ್ತ ರಕ್ತವೇ ಮಾರಾಯ” ಅಂದರು.

ನಮ್ಮ ಮಗಳು ದತ್ತು ಬಂದವಳು. ಮಾವ ಕೆಟ್ಟವರಲ್ಲ. ಅವಳು ಮನೆಗೆ ಬಂದ ವಾರದಲ್ಲೇ ಬೆಳ್ಳಿ ಗೆಜ್ಜೆ ತಂದುಕೊಟ್ಟವರು ಅವರು. ಆ ಮಾತೂ ಅವರದ್ದಲ್ಲ, ಎದುರಿನ ಆಟ ಅವರಿಂದ ಆಡಿಸಿದ್ದು ಅಂತ ನನಗೆ ಅನ್ನಿಸಿತು. ಕರ್ಣನ ಕಥೆ ನಿಜವಾಗಿ ಹಾಗೆ ಹೇಳ್ತದಾ? ನಾನು ಸಾಹಿತ್ಯ ಓದಿದವನಲ್ಲ, ಬಿಇ ಮಾಡಿದವನು. ಒಂದು ಬಗ್ ಎಲ್ಲಿ ಸೇರಿಕೊಂಡಿತು ಅಂತ ಹಳೇ ವರ್ಶನ್‌ಗಳನ್ನು ತೆಗೆದು ನೋಡುವುದು ನನ್ನ ದಿನದ ಕೆಲಸ. ಬೆಂಗಳೂರಿಗೆ ವಾಪಸ್ ಬಂದು ಇದನ್ನೂ ಹಾಗೇ ನೋಡಿದೆ.

ಮೊದಲು ವ್ಯಾಸ ಭಾರತದ ಉದ್ಯೋಗಪರ್ವ. ಕೃಷ್ಣ ಹೇಳುವುದು ಅದನ್ನೇ: ನೀನು ಹಿರಿಯವನು, ಬಾ, ಪಟ್ಟ ನಿನ್ನದು. ಆದರೆ ಇಲ್ಲಿ ಕರ್ಣ ಬೆಚ್ಚಿಬೀಳುವುದಿಲ್ಲ. ಇದೆಲ್ಲ ನನಗೆ ಗೊತ್ತು ಅನ್ನುತ್ತಾನೆ. ಆಮೇಲೆ ಅವನ ಬಾಯಿಗೆ ಮೊದಲು ಬರುವುದು ದುರ್ಯೋಧನನ ಹೆಸರಲ್ಲ, ಅಧಿರಥ ಮತ್ತು ರಾಧೆಯದ್ದು. ಕುಂತಿ ನನ್ನನ್ನು ಬಿಟ್ಟಳು, ಅಧಿರಥ ಮನೆಗೆ ತಂದ, ನನ್ನ ಮೇಲಿನ ಪ್ರೀತಿಗೇ ರಾಧೆಯ ಎದೆಯಲ್ಲಿ ಹಾಲು ಬಂತು, ನನ್ನ ಉಚ್ಚೆ ಕಕ್ಕಸು ಬಳಿದವಳು ಅವಳು, ಅಂಥವಳಿಗೆ ಇಡಬೇಕಾದ ಪಿಂಡವನ್ನು ನಾನು ಹೇಗೆ ತಪ್ಪಿಸಲಿ ಅಂತ ಕೇಳುತ್ತಾನೆ. ಜಾತಕರ್ಮ ಮಾಡಿಸಿದ್ದು, ವಸುಷೇಣ ಅಂತ ಹೆಸರಿಟ್ಟದ್ದು, ಮದುವೆ ಮಾಡಿಸಿದ್ದು ಎಲ್ಲ ಅಧಿರಥ. ಇಡೀ ಭೂಮಿ ಕೊಟ್ಟರೂ, ಚಿನ್ನದ ರಾಶಿ ಸುರಿದರೂ ಇದನ್ನು ಸುಳ್ಳು ಮಾಡಲಾರೆ. ಇಷ್ಟು ಹೇಳಿ ಮುಗಿಸಿದ ಮೇಲೆ ದುರ್ಯೋಧನನ ಸರದಿ.

ಉಚ್ಚೆ ಕಕ್ಕಸು ಅಂತ ಬರೆದದ್ದಕ್ಕೆ ಮುಖ ಸಿಂಡರಿಸಬೇಡಿ. ಮಹಾಯುದ್ಧದ ಹೊಸ್ತಿಲಲ್ಲಿ, ಕೃಷ್ಣನಂಥವನ ಎದುರು, ತಾಯ್ತನಕ್ಕೆ ಸಾಕ್ಷಿಯಾಗಿ ಕರ್ಣ ಕೊಡುವುದು ಅದನ್ನೇ. ರಾತ್ರಿ ಮೂರು ಗಂಟೆಗೆ ಡಯಾಪರ್ ಬದಲಿಸಿದ ಯಾರಿಗಾದರೂ ಆ ಸಾಕ್ಷಿಯ ತೂಕ ಗೊತ್ತು.

ಮುಂದೆ ಪಂಪ. 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ಅವನು ರಾಧೆಗೆ ಒಂದು ಕ್ಷಣ ಕೊಡುತ್ತಾನೆ. ಗಂಡ ನೀರಿನಿಂದ ಎತ್ತಿ ತಂದ ಕೂಸನ್ನು ಮಡಿಲಿಗೆ ಹಾಕಿದಾಗ ಅವಳು ಯಾರದ್ದು, ಯಾವ ಜಾತಿ ಅಂತ ಕೇಳುವುದಿಲ್ಲ. ತಾನೇ ಹೆತ್ತವಳ ಹಾಗೆ ಸಂಭ್ರಮದಿಂದ ಸೂತಕ ಆಚರಿಸುತ್ತಾಳೆ. ದತ್ತು ತಾಯಿಯ ಬಗ್ಗೆ ಕನ್ನಡದಲ್ಲಿ ಇಷ್ಟು ಚಿಕ್ಕದಾಗಿ, ಇಷ್ಟು ಸರಿಯಾಗಿ ಬರೆದದ್ದನ್ನು ನಾನು ಬೇರೆ ಕಡೆ ಓದಿಲ್ಲ.

ಆಮೇಲೆ ಕುಮಾರವ್ಯಾಸ. ಕೃಷ್ಣ ಕರ್ಣನನ್ನು ರಥದಲ್ಲಿ ಪಕ್ಕಕ್ಕೆ ಎಳೆದು ಕೂರಿಸಿಕೊಳ್ಳುವ ಭಾಗವನ್ನು 10ನೇ ಕ್ಲಾಸಿನ ಪಠ್ಯದಲ್ಲಿ ತುಂಬ ಮಕ್ಕಳು ಓದಿದ್ದಾರೆ. ಇಲ್ಲಿ ಕರ್ಣನಿಗೆ ಸುದ್ದಿ ಸಿಡಿಲಿನ ಹಾಗೆ ಬಡಿಯುತ್ತದೆ. ಗಂಟಲು ಬಿಗಿದು ಕಣ್ಣೀರು ಬರುತ್ತದೆ, ಅಯ್ಯೋ ದುರ್ಯೋಧನನಿಗೆ ಕೇಡಾಯಿತಲ್ಲ ಅಂತ ಮರುಗುತ್ತಾನೆ. ಪಟ್ಟ ಬೇಡ ಅನ್ನುತ್ತಾನೆ, ಕಾರಣ ಒಡೆಯನ ಋಣ. ಕಾವ್ಯವಾಗಿ ಅದ್ಭುತ, ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ಪಠ್ಯದ ಭಾಗದಲ್ಲಿ ರಾಧೆಯನ್ನು ಹುಡುಕಿ ನೋಡಿ. ಕುಂತಿ ಇದ್ದಾಳೆ, ಮಾದ್ರಿ ಇದ್ದಾಳೆ, ಸಾಕಿದವಳು ಇಲ್ಲ.

ನನ್ನ ಪ್ರಕಾರ ಬಗ್ ಸೇರಿದ್ದು ಇಲ್ಲಿ. ಮೊದಲೇ ಗೊತ್ತಿದ್ದ ಕರ್ಣನಿಗೆ ಸಾವಧಾನ ಇತ್ತು, ಅವನು ಮನೆಯನ್ನು ನೆನೆದ. ಗೊತ್ತಿಲ್ಲದ ಕರ್ಣನಿಗೆ ಆಘಾತ ಬಿಟ್ಟರೆ ಬೇರೆ ಯಾವುದಕ್ಕೂ ಪುರುಸೊತ್ತಿಲ್ಲ. ಆಘಾತ ಒಳ್ಳೆಯ ನಾಟಕ, ಹಾಗಾಗಿ ಆಮೇಲೆ ಬಂದವರು ಅದನ್ನೇ ಹಿಡಿದುಕೊಂಡರು. 1991ರ ಮಣಿರತ್ನಂ ಸಿನಿಮಾ ‘ದಳಪತಿ’ ನೆನಪಿಸಿಕೊಳ್ಳಿ. ಗೂಡ್ಸ್ ರೈಲಿನಲ್ಲಿ ಮಗು ಬಿಟ್ಟ ತಾಯಿ ರೈಲಿನ ಕೂಗು ಕೇಳಿದಾಗೆಲ್ಲ ಕಲಕಿಹೋಗುವುದು ನಮಗೆಲ್ಲ ನೆನಪಿದೆ. ಆ ಮಗುವಿಗೆ ಅನ್ನ ಹಾಕಿದ್ದು ಯಾರು ಅಂತ ಕೇಳಿದರೆ ಎಷ್ಟು ಜನ ಥಟ್ಟನೆ ಹೇಳ್ತೀರಿ?

ಮಾವನ ಮಾತಿಗೆ ಬರೋಣ. ತಮಾಷೆ ಏನು ಗೊತ್ತಾ, ವ್ಯಾಸನಲ್ಲೂ ಕುಮಾರವ್ಯಾಸನಲ್ಲೂ ನಮ್ಮೂರಿನ ತಾಳಮದ್ದಳೆಯಲ್ಲೂ ಕರ್ಣ ರಕ್ತದ ಕಡೆ ಹೋಗುವುದಿಲ್ಲ! ರಾಜ್ಯವನ್ನೇ ತಟ್ಟೆಯಲ್ಲಿ ಇಟ್ಟು ಕೊಟ್ಟರೂ ಒಲ್ಲೆ ಅನ್ನುತ್ತಾನೆ. “ರಕ್ತ ರಕ್ತವೇ” ಅನ್ನುವ ಮಾತನ್ನು ಸುಳ್ಳು ಮಾಡುವ ಕಥೆ ಇದು. ಆದರೆ ಕಾರಣದ ಜಾಗದಲ್ಲಿ ರಾಧೆಯನ್ನು ತೆಗೆದು ದುರ್ಯೋಧನನ ಉಪ್ಪನ್ನು ಇಟ್ಟದ್ದರಿಂದ ನಾವು ಅವನನ್ನು ಒಳ್ಳೆಯ ಗೆಳೆಯ ಅಂತ ಹೊಗಳುತ್ತೇವೆ, ಒಳ್ಳೆಯ ಮಗ ಅಂತ ಅಲ್ಲ. ಸಾಕಿದವರು ಲೆಕ್ಕದಿಂದಲೇ ಹೊರಗೆ.

ಹಾಗಂತ ದತ್ತು ಅಂದರೆ ಎಲ್ಲ ಸುಖ ಅಂತ ಹೇಳಲಿಕ್ಕೆ ಹೊರಟಿಲ್ಲ. ಅದೇ ಉದ್ಯೋಗಪರ್ವದಲ್ಲಿ ಕೃಷ್ಣ ಕುಂತಿಯನ್ನೂ ಕಾಣುತ್ತಾನೆ. ಅವಳೂ ದತ್ತು ಹೋದವಳು ಅನ್ನುವುದು ನಮಗೆ ಮರೆತೇಹೋಗಿದೆ. ಶೂರನ ಮಗಳು ಪೃಥೆ, ಕುಂತಿಭೋಜನಿಗೆ ಕೊಟ್ಟದ್ದಕ್ಕೆ ಕುಂತಿ. ಚೆಂಡು ಹಿಡಿದು ಆಡುತ್ತಿದ್ದ ನನ್ನನ್ನು ಅಪ್ಪ ಗೆಳೆಯನಿಗೆ ಕೊಟ್ಟುಬಿಟ್ಟ ಅಂತ ಅವಳು ಆ ವಯಸ್ಸಿನಲ್ಲೂ ಕೊರಗುತ್ತಾಳೆ. ದುರ್ಯೋಧನನಿಗಿಂತ ಹೆಚ್ಚು ಅಪ್ಪನನ್ನೇ ದೂರುತ್ತಾಳೆ. ಒಬ್ಬ ದತ್ತು ಮಗ ತನ್ನ ಮನೆ ಯಾವುದು ಅಂತ ಖಚಿತವಾಗಿ ಹೇಳುತ್ತಾನೆ, ಒಬ್ಬ ದತ್ತು ಮಗಳು ಜೀವನವಿಡೀ ಆ ಚೆಂಡನ್ನು ಮರೆಯುವುದಿಲ್ಲ. ಎರಡೂ ನಿಜ. ನಮ್ಮ ಮಗಳು ಯಾರ ಹಾಗೆ ಆಗ್ತಾಳೋ, ಅಥವಾ ಎರಡೂ ಆಗ್ತಾಳೋ, ಈಗಲೇ ಹೇಳುವುದು ಹೇಗೆ?

ಕಾನೂನಿಗೆ ಇಷ್ಟು ಗೊಂದಲ ಇಲ್ಲ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಆದೇಶದ ದಿನದಿಂದ ಅವಳು ಎಲ್ಲ ರೀತಿಯಲ್ಲೂ ನಮ್ಮ ಮಗಳು. 2022ರ ದತ್ತು ನಿಯಮಾವಳಿ ಇನ್ನೊಂದು ಮಾತನ್ನೂ ಹೇಳುತ್ತದೆ: 18 ತುಂಬಿದ ಮೇಲೆ ತನ್ನ ಮೂಲ ಹುಡುಕಲು ಅವಳೇ ಅರ್ಜಿ ಹಾಕಬಹುದು, ಅದಕ್ಕಿಂತ ಮೊದಲಾದರೆ ನಮ್ಮ ಜೊತೆ ಸೇರಿ. ಅಂದರೆ ಗುಟ್ಟು ಮುಚ್ಚಿಡುವ ವಸ್ತುವಲ್ಲ. ಕೃಷ್ಣನ ಬಗ್ಗೆ ನನಗಿರುವ ಸಿಟ್ಟೂ ಇದೇ. ಅವನು ಹೇಳಿದ್ದು ಸತ್ಯ, ಆದರೆ ಯುದ್ಧದ ಹಿಂದಿನ ದಿನಗಳಲ್ಲಿ, ತನ್ನ ಪಕ್ಷಕ್ಕೆ ಲಾಭ ಆಗಲಿ ಅಂತ ಹೇಳಿದ. ಮಕ್ಕಳಿಗೆ ಈ ಸತ್ಯ ಊಟ ಮಾಡಿಸುವಾಗ, ತಲೆ ಬಾಚುವಾಗ, ಸ್ವಲ್ಪಸ್ವಲ್ಪವಾಗಿ ಗೊತ್ತಾಗಬೇಕು. ಜಗಳದ ದಿನ ಯಾರೋ ನೆಂಟರ ಬಾಯಿಂದ ಅಲ್ಲ.

ನಮ್ಮ ತುಳುನಾಡಿನ ಕಥೆಗಳು ಈ ವಿಷಯದಲ್ಲಿ ವಾಸಿ. ಕೊರಗಜ್ಜನಿಗೆ ಹರಕೆ ಹೇಳದ ಮನೆ ನಮ್ಮಲ್ಲಿ ಕಡಿಮೆ. ಅನಾಥ ಕೊರಗ ಹುಡುಗ ತನಿಯನನ್ನು ಜಾತಿ ನೋಡದೆ ಮನೆಗೆ ಕರೆದು ಸಾಕಿದ್ದು ಮೈರಕ್ಕೆ ಬೈದೆತಿ. ಅವಳ ಹೆಸರು ಬಿಟ್ಟು ಆ ಕಥೆಯನ್ನು ಯಾರೂ ಹೇಳುವುದಿಲ್ಲ. ಅಜ್ಜನನ್ನು ನಂಬುವ ಮಾವನಿಗೂ ಅದು ಗೊತ್ತು.

ತಾಳಮದ್ದಳೆಯ ಚಂದ ಏನು ಅಂದರೆ ಪದ್ಯ ಹಳೆಯದಾದರೂ ಮಾತು ಅರ್ಥಧಾರಿಯದ್ದೇ. ವರ್ಷಗಳ ಹಿಂದೆ ಒಬ್ಬ ಹಿರಿಯ ಅರ್ಥಧಾರಿ ಕರ್ಣನಾಗಿ ಐದು ನಿಮಿಷ ರಾಧೆಯ ಬಗ್ಗೆ ಮಾತಾಡಿದ್ದನ್ನು ಕೇಳಿದ್ದೇನೆ. ಸಭೆ ಆವತ್ತೂ ಅತ್ತಿತ್ತು, ಬೇರೆ ಕಾರಣಕ್ಕೆ. ಆದ್ದರಿಂದ ಇದು ಆಗದ ಕೆಲಸ ಅಲ್ಲ.

ಆ ರಾತ್ರಿ ಮನೆಗೆ ಬರುವಾಗ ಆಟೋದಲ್ಲಿ ಮಗಳಿಗೆ ಎಚ್ಚರ ಆಯಿತು. “ಕರ್ಣನ ಅಮ್ಮ ಯಾರಪ್ಪ?” ಅಂತ ಕೇಳಿದಳು. ಇಬ್ಬರು ಅಂದೆ, ಹೆಸರು ಹೇಳಿದೆ. ಎದುರು ಕೂತಿದ್ದ ಮಾವ ಏನೂ ಹೇಳಲಿಲ್ಲ, ಅವಳ ಕಾಲಿಗೆ ಮಳೆ ಬಡಿಯದ ಹಾಗೆ ಟರ್ಪಾಲು ಎಳೆದು ಹಿಡಿದುಕೊಂಡರು. ಈ ಮಳೆಗಾಲ ಮತ್ತೆ ಹೋಗ್ತೇವೆ. ಅವರ ಪಕ್ಕದಲ್ಲೇ ಕೂರ್ತೇವೆ.