ಸೋಂಪಿನ ತಟ್ಟೆಯ ಚಿಲ್ಲರೆ

ಹೊಟೇಲಿನಲ್ಲಿ ಉಂಡ ಮೇಲೆ ಸೋಂಪಿನ ತಟ್ಟೆಯಲ್ಲಿ ಬಿಲ್ಲು ಬರುತ್ತದೆ. ಮಾಣಿಗೆ ಎಷ್ಟು ಬಿಡಬೇಕು? ಶೇ. 10 ಎಂಬ ಲೆಕ್ಕ ನಮ್ಮ ನಗರಗಳಲ್ಲೂ ಕೇಳಿಬರುತ್ತದೆ. 800 ರೂಪಾಯಿಯ ಬಿರಿಯಾನಿ ತಂದವನಿಗೆ 80, 40 ರೂಪಾಯಿಯ ಇಡ್ಲಿ ತಂದವನಿಗೆ 4. ಸಾಂಬಾರಿಗೆಂದು ಇಡ್ಲಿಯವನೇ ಎರಡು ಬಾರಿ ಹೆಚ್ಚು ಓಡಿರುತ್ತಾನೆ!

ಈ ಶೇಕಡಾ ಲೆಕ್ಕಕ್ಕೆ ಹೆಸರಾದ ಅಮೆರಿಕದಲ್ಲಿ, ಟಿಪ್ಸ್ ಪಡೆಯುವ ನೌಕರನಿಗೆ ಮಾಲಿಕ ಕೊಡಬೇಕಾದ ಕನಿಷ್ಠ ಕೂಲಿ ಫೆಡರಲ್ ಕಾನೂನಿನಂತೆ ಗಂಟೆಗೆ 2.13 ಡಾಲರ್. 1991ರಿಂದ ಅದು ಕದಲಿಲ್ಲ. ಟಿಪ್ಸ್ ಸಾಲದಿದ್ದರೆ ಮಾತ್ರ ಮಾಲಿಕ ಸಾಮಾನ್ಯ ಕನಿಷ್ಠ ಕೂಲಿಯಷ್ಟು ತುಂಬಿಕೊಡಬೇಕು.

ನಮ್ಮಲ್ಲಿ ಸೇವಾ ಶುಲ್ಕವನ್ನು ಬಿಲ್ಲಿಗೆ ತಾನಾಗಿ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಹೇಳಿತು. 2025ರ ಮಾರ್ಚ್‌ನಲ್ಲಿ ದಿಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಶುಲ್ಕ ನೌಕರರಿಗಾಗಿಯೇ ಎಂಬುದು ಮಾಲಿಕರ ವಾದ. ನೌಕರರಿಗಾದರೆ ಸಂಬಳದಲ್ಲೇ ಕೊಡಬಹುದಲ್ಲ!

ಕೂಲಿ ದುಡಿದವನ ಹಕ್ಕು, ಸದಕಾ ಅಲ್ಲ. ನಾವು ಬಿಡುವ ನೋಟು ಆ ಹಕ್ಕಿಗೆ ಬದಲಿಯಾಗಕೂಡದು. ಹಾಗೆಂದು ಸಿದ್ಧಾಂತ ಹೇಳಿ ಬರಿಗೈಯಲ್ಲಿ ಎದ್ದು ಬರುವುದೂ ಜಿಪುಣತನವೇ. ನಾವಂತೂ ಶೇಕಡಾವನ್ನು ಬಿಟ್ಟಿದ್ದೇವೆ. ಇಡ್ಲಿಯಾಗಲಿ, ಬಿರಿಯಾನಿಯಾಗಲಿ, ಉಂಡವರ ತಲೆಗೆ 20 ರೂಪಾಯಿ. ಅದೂ ತಟ್ಟೆಯಲ್ಲಲ್ಲ, ಅವನ ಕೈಗೇ.