ತೇಲುವುವೋ, ಸರಿಯುವುವೋ?

ಭೂಫಲಕಗಳು ಕರಗಿದ ಶಿಲಾಪಾಕದ ಮೇಲೆ ತೇಲುತ್ತವೆಯೆಂದು ಬಾಲಕರಿಗೆ ಬೋಧಿಸುವ ವಾಡಿಕೆಯುಂಟು. ಈ ಮಾತು ಸುಲಭವಾದರೂ ಸಮಂಜಸವಲ್ಲ. ಫಲಕಗಳಡಿಯ ಮ್ಯಾಂಟಲ್ ಎಂಬ ಪದರವು ಬಹುಮಟ್ಟಿಗೆ ಘನಶಿಲೆಯೇ. ಅತ್ಯುಷ್ಣತೆಯಿಂದ ಮೆದುವಾಗಿ ಅತಿಮಂದವಾಗಿ ಹರಿಯುವುದು. ಫಲಕಗಳ ಗತಿಯೂ ವರ್ಷಕ್ಕೆ ಕೆಲವೇ ಸೆಂಟಿಮೀಟರು.

1912ರಲ್ಲಿ ಆಲ್‌ಫ್ರೆಡ್ ವೆಗೆನರನು ಖಂಡಗಳ ಚಲನೆಯನ್ನು ಪ್ರತಿಪಾದಿಸಿದಾಗ ಬಹುಮಂದಿ ವಿದ್ವಾಂಸರು ಒಪ್ಪಲಿಲ್ಲ. ಘನವಾದ ಭೂಮಿಯಲ್ಲಿ ಖಂಡಗಳು ಚಲಿಸುವ ಬಗೆಯನ್ನು ಆತನು ತೃಪ್ತಿಕರವಾಗಿ ವಿವರಿಸಲಾರದೆ ಹೋದುದು ಇದಕ್ಕೆ ಮುಖ್ಯ ಕಾರಣ. 1960ರ ದಶಕದಲ್ಲಿ ಸಾಗರತಳವು ವಿಸ್ತರಿಸುವುದಕ್ಕೆ ಸಾಕ್ಷ್ಯ ದೊರೆತ ಮೇಲೆಯೇ ಆ ವಾದಕ್ಕೆ ಮನ್ನಣೆ ಬಂದಿತು. ಅರ್ಧ ಶತಮಾನ ಪಂಡಿತರನ್ನು ಕಾಡಿದ ಆ ಪ್ರಶ್ನೆಯನ್ನು ‘ತೇಲು’ ಎಂಬ ಒಂದೇ ಪದವು ಮರೆಮಾಡಿಬಿಡುತ್ತದೆ.

ಕಲ್ಲೂ ಹರಿಯುವುದೆಂಬ ವಿಸ್ಮಯವು ವಿದ್ಯಾರ್ಥಿಗೆ ತಪ್ಪಬಾರದು. ‘ಬಿಸಿಯಾದ ಘನಶಿಲೆ ಮೆಲ್ಲನೆ ಹರಿಯುವುದು, ಅದರ ಮೇಲೆ ಫಲಕಗಳು ಸರಿಯುವುವು’ ಎಂದರೆ ಕನ್ನಡವೂ ಸರಳ, ಶಾಸ್ತ್ರವೂ ಶುದ್ಧ.