ಕೀಟೋನ್ ಪಾನೀಯ ಮತ್ತು ನಮ್ಮ ಕೊಬ್ಬರಿ

ತುಮಕೂರು ಜಿಲ್ಲೆಯ ಬೋರನಕಣಿವೆ ಸುತ್ತಿನ ತೋಟಗಳ ಕಾಯಿ ಹೆಚ್ಚಾಗಿ ಗಾಣಕ್ಕೆ ಹೋಗುವುದಿಲ್ಲ. ತಿಂಗಳುಗಟ್ಟಲೆ ಅಟ್ಟದ ಮೇಲಿದ್ದು, ಚಿಪ್ಪಿನೊಳಗೇ ಒಣಗಿ ಉಂಡೆ ಕೊಬ್ಬರಿಯಾಗಿ, ತಿಪಟೂರು ಮಾರುಕಟ್ಟೆಯಿಂದ ಉತ್ತರ ಭಾರತ ಸೇರುತ್ತದೆ. ಅಲ್ಲಿ ಅದು ತಿನ್ನುವ ಪದಾರ್ಥ, ಪೂಜೆಯ ಪದಾರ್ಥ. ಈಗ ಅದೇ ಕೊಬ್ಬರಿಯ ಎಣ್ಣೆ ಕುಡಿದರೆ ಕೀಟೋನ್ ಹುಟ್ಟುತ್ತದೆ, ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ ಎಂಬ ಮಾತು ಹರಡಿದೆ. ಕೀಟೋನ್ ಸಂಶೋಧನೆಯ ಬಗ್ಗೆ ನನಗೆ ಗೌರವವಿದೆ. ಅದರ ಹೆಸರಿನಲ್ಲಿ ನಡೆಯುವ ಈ ಎಣ್ಣೆ ಮಾರಾಟ ಮಾತ್ರ ಒಪ್ಪತಕ್ಕದ್ದಲ್ಲ.

ಊಟವಿಲ್ಲದಾಗ ಯಕೃತ್ತು ಕೊಬ್ಬನ್ನು ಒಡೆದು ಕೀಟೋನ್ ಮಾಡುತ್ತದೆ. ದೀರ್ಘ ಉಪವಾಸದಲ್ಲಿ ಮಿದುಳೇ ಅದನ್ನು ಉರಿಸಿಕೊಂಡು ನಡೆಯುತ್ತದೆಂದು ಜಾರ್ಜ್ ಕಾಹಿಲ್ ಮತ್ತು ಸಂಗಡಿಗರು 1967ರಲ್ಲಿ ತೋರಿಸಿದರು. ಆಮೇಲೆ ಆಕ್ಸ್‌ಫರ್ಡಿನ ಕೀರನ್ ಕ್ಲಾರ್ಕ್, ಅಮೆರಿಕದ ರಿಚರ್ಡ್ ವೀಚ್ ಮೊದಲಾದವರು ಉಪವಾಸವಿಲ್ಲದೆಯೇ ರಕ್ತದಲ್ಲಿ ಕೀಟೋನ್ ಏರಿಸುವ ಪಾನೀಯ ಸಿದ್ಧಪಡಿಸಿದರು. 43 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ 2022ರ ವಿಶ್ಲೇಷಣೆಯ ಪ್ರಕಾರ, ಇಂಥ ಪೂರಕಗಳನ್ನು ಸೇವಿಸಿದಾಗ ರಕ್ತದ ಸಕ್ಕರೆ ಡೆಸಿಲೀಟರಿಗೆ ಸರಾಸರಿ 10 ಮಿಲಿಗ್ರಾಂನಷ್ಟು ಇಳಿಯುತ್ತದೆ. ಇದು ನಿಜವಾದ ಫಲ. ಆದರೆ ಹೆಚ್ಚಿನವು ಕೆಲವೇ ಗಂಟೆಗಳ ಅಳತೆಗಳು. ಮಧುಮೇಹವೋ ಹತ್ತಾರು ವರ್ಷ ಜೊತೆಗಿರುವ ಕಾಯಿಲೆ. ಕುಡಿದ ಮಧ್ಯಾಹ್ನ ಸಕ್ಕರೆ ಇಳಿಯಿತೆಂದರೆ ಕಣ್ಣು, ಮೂತ್ರಪಿಂಡ, ಕಾಲಿನ ನರ ಉಳಿದವು ಎಂದಾಗದು.

ಕೊಬ್ಬರಿ ಎಣ್ಣೆಯ ವಿಷಯವೇ ಬೇರೆ. ಕೀಟೋನನ್ನು ಬೇಗ ಹುಟ್ಟಿಸುವುದು ಎಂಟು ಇಂಗಾಲದ ಕ್ಯಾಪ್ರಿಲಿಕ್ ಆಮ್ಲ. ಕೊಬ್ಬರಿ ಎಣ್ಣೆಯಲ್ಲಿ ಅದು ನೂರಕ್ಕೆ ಏಳೆಂಟು ಭಾಗ. ಅರ್ಧದಷ್ಟಿರುವುದು ಲಾರಿಕ್ ಆಮ್ಲ, ಅದು ಬಹುಪಾಲು ಮಾಮೂಲಿ ಕೊಬ್ಬಿನಂತೆಯೇ ಮೈಗೂಡುತ್ತದೆ. ಕೆನಡಾದ ಶೆರ್‌ಬ್ರುಕ್‌ನಲ್ಲಿ ಸ್ಟೀಫನ್ ಕನೇನ್ ತಂಡ 2017ರಲ್ಲಿ ಕ್ಯಾಪ್ರಿಲಿಕ್ ಕೊಬ್ಬನ್ನೂ ಕೊಬ್ಬರಿ ಎಣ್ಣೆಯನ್ನೂ ಹೋಲಿಸಿತು. ಕ್ಯಾಪ್ರಿಲಿಕ್ ಕೊಬ್ಬು ಕೀಟೋನನ್ನು ಚೆನ್ನಾಗಿ ಏರಿಸಿತು, ಕೊಬ್ಬರಿ ಎಣ್ಣೆ ತೀರ ಹಿಂದೆ ಬಿತ್ತು. ಪ್ರಯೋಗ ಚಿಕ್ಕದೇ, ಆದರೆ ರಸಾಯನಶಾಸ್ತ್ರ ಹೇಳುವುದಕ್ಕೂ ಅದಕ್ಕೂ ತಾಳೆಯಾಗುತ್ತದೆ. ಅಂಗಡಿಯ ಸೀಸೆಗಳು ಮುಚ್ಚಿಡುವುದು ಈ ವ್ಯತ್ಯಾಸವನ್ನೇ.

ಹಾಗೆಂದು ತೆಂಗನ್ನು ವಿಷವೆನ್ನುವವರ ಪರ ನಾನಿಲ್ಲ. ಕೇರಳದಲ್ಲಿ ಹೃದ್ರೋಗಿಗಳ ಮೇಲೆ ಎರಡು ವರ್ಷ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆಗೂ ಸೂರ್ಯಕಾಂತಿ ಎಣ್ಣೆಗೂ ಗಮನಾರ್ಹ ಅಂತರ ಕಾಣಲಿಲ್ಲ. 2020ರ ದೊಡ್ಡ ವಿಶ್ಲೇಷಣೆ ಮಾತ್ರ, ಬೇರೆ ಸಸ್ಯದೆಣ್ಣೆಗಳಿಗಿಂತ ಇದು ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತದೆ ಎಂದಿತು. ಚಟ್ನಿ, ಸಾರಿಗೆ ತುರಿದು ಹಾಕುವ ಕಾಯಿಯ ಮೇಲೆ ಇವೆರಡೂ ತೀರ್ಪು ಕೊಡುವುದಿಲ್ಲ. ಖಾಲಿ ಹೊಟ್ಟೆಗೆ ಚಮಚಗಟ್ಟಲೆ ಎಣ್ಣೆ ಸುರಿದುಕೊಳ್ಳುವುದು ನಮ್ಮ ಅಡುಗೆಯಲ್ಲಿ ಎಂದೂ ಇರಲಿಲ್ಲ.

ರಾಗಿಮುದ್ದೆ, ಅನ್ನ ಉಣ್ಣುವ ನಮ್ಮ ಮಧುಮೇಹಿಗಳ ಮೇಲೆ, ವರ್ಷಗಟ್ಟಲೆ ಇಂಥ ಪಾನೀಯ ಪರೀಕ್ಷೆಯಾಗಬೇಕು. ಅಲ್ಲಿಯವರೆಗೆ ಒಂದು ಎಚ್ಚರಿಕೆ ತೀರ ಅಗತ್ಯ: ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಮಾತ್ರೆ ನುಂಗುವವರು ಅನ್ನ, ಮುದ್ದೆ ಪೂರ್ತಿ ಬಿಟ್ಟು ಕೀಟೋ ಪಥ್ಯ ಹಿಡಿದರೆ, ಸಕ್ಕರೆ ಅಷ್ಟೇನೂ ಏರದೆಯೇ ರಕ್ತ ಆಮ್ಲವಾಗಿ ಜೀವಕ್ಕೆ ಕುತ್ತು ಬರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ಗ್ಲುಕೋಮೀಟರ್ ನೋಡಿ ಸಮಾಧಾನಪಟ್ಟುಕೊಳ್ಳದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.